ಮೂರು ತಿಂಗಳ ಗಾಯಕ್ಕೆ ಹದಿನೈದು ದಿನದ ಆರೈಕೆ

ಮಧುಮೇಹಿಗಳ ಪಾದದಲ್ಲಿ ಹುಣ್ಣು ಹೇಗಾಯಿತು ಎಂದು ವಿಚಾರಿಸಿದರೆ ಸಿಗುವ ಕಾರಣಗಳು ತೀರಾ ಕ್ಷುಲ್ಲಕವಾಗಿರುತ್ತವೆ. ಹವಾಯಿ ಚಪ್ಪಲಿಯ ಪಟ್ಟಿ ಉಜ್ಜಿ ಬೆರಳ ಸಂದಿಯಲ್ಲಾದ ತರಚು, ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವಾಗ ಎದ್ದ ಬೊಬ್ಬೆ, ಆಣಿಯನ್ನು ತಾವೇ ಬ್ಲೇಡಿನಿಂದ ಕೆತ್ತಿಕೊಂಡಾಗ ಆದ ಗೀರು, ಔಷಧಿ ಅಂಗಡಿಯಿಂದ ತಂದ ಆಣಿಪಟ್ಟಿಯ ಆಮ್ಲ ಸುಟ್ಟುಹಾಕಿದ ಚರ್ಮ. ಇವುಗಳಲ್ಲಿ ಯಾವುದಕ್ಕೂ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ನೋವೇ ಇಲ್ಲದಿರುವುದರಿಂದ ಎಷ್ಟೋ ಮಂದಿ ಮನೆಯವರಿಗೂ ಹೇಳುವುದಿಲ್ಲ; ಅರಿಶಿನವನ್ನೋ ಸುಣ್ಣವನ್ನೋ ಮೆತ್ತಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಹಾಸಿಗೆಯ ಮೇಲೆ ಕೀವಿನ ಕಲೆ ಕಂಡ ದಿನವೋ ಕೋಣೆಯಲ್ಲಿ ವಾಸನೆ ಹಬ್ಬಿದ ದಿನವೋ ಮನೆಯ ಇನ್ಯಾರೋ ಅದನ್ನು ಗಮನಿಸುವ ಹೊತ್ತಿಗೆ ಒಳಗೆ ಸೋಂಕು ಮೂಳೆಯವರೆಗೆ ಇಳಿದಿರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜು ಮಾಡಿತು. ಮಧುಮೇಹವಿರುವವರಲ್ಲಿ ಶೇ 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಬರುತ್ತದೆ ಎಂಬುದು ತಜ್ಞರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಈ ಲೆಕ್ಕಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಹೆಚ್ಚಿನವು ಹೊರದೇಶಗಳವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಕೆಳಗಿನ ಅಂಕಿಯನ್ನು ಹಿಡಿದರೂ, ನಮ್ಮಲ್ಲಿ ಎರಡು ಕೋಟಿಗೆ ಹತ್ತಿರದಷ್ಟು ಜನ ಒಂದಲ್ಲ ಒಂದು ದಿನ ಈ ಗಾಯವನ್ನು ಹೊತ್ತು ವೈದ್ಯರ ಮುಂದೆ ಕೂರಬೇಕಾಗುತ್ತದೆ. ಮಧುಮೇಹದಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಮೊದಲು ಇಂಥದ್ದೊಂದು ಹುಣ್ಣು ಇತ್ತು. ಮೊಣಕಾಲಿನ ಆಸುಪಾಸಿನಲ್ಲಿ ಕಾಲು ತೆಗೆಸಿಕೊಂಡ ಮಧುಮೇಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಂದಿನ ಐದು ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ ಎಂಬುದು ಹಲವು ದೇಶಗಳ ಅನುಭವ, ಮತ್ತು ಇದು ಅನೇಕ ಬಗೆಯ ಕ್ಯಾನ್ಸರ್‌ಗಳಿಗಿಂತ ಕೆಟ್ಟ ಫಲಿತಾಂಶ.

ಗಾಯ ಮಾಯುತ್ತಿಲ್ಲವೆಂದರೆ ‘ಶುಗರ್ ಜಾಸ್ತಿ ಇದೆ’ ಎನ್ನುವ ಒಂದೇ ಉತ್ತರವನ್ನು ನಾವು ಎಲ್ಲದಕ್ಕೂ ಕೊಟ್ಟುಬಿಡುತ್ತೇವೆ. ವರ್ಷಗಟ್ಟಲೆ ಏರಿಳಿದ ಸಕ್ಕರೆಯೇ ಮೂಲ ಕಾರಣವೆನ್ನುವುದು ನಿಜವಾದರೂ, ಗಾಯದ ಜಾಗದಲ್ಲಿ ಕೆಲಸ ಮಾಡುತ್ತಿರುವ ಕಾರಣಗಳು ಬೇರೆಯೇ ಇವೆ. ಮೊದಲಿಗೆ ನರಗಳು ಸೋಲುತ್ತವೆ. ಸ್ಪರ್ಶದ ನರ ಸೋತಾಗ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ; ಸ್ನಾಯುಗಳನ್ನು ನಡೆಸುವ ನರ ಸೋತಾಗ ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ, ದೇಹದ ಭಾರವೆಲ್ಲ ಬೆರಳ ಬುಡದ ಮೂಳೆಯ ಒಂದೆರಡು ಬಿಂದುಗಳ ಮೇಲೆ ಬೀಳುತ್ತದೆ; ಬೆವರಿನ ನರ ಸೋತಾಗ ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ. ಭಾರ ಬಿದ್ದಲ್ಲಿ ಚರ್ಮ ಜಡ್ಡುಗಟ್ಟುತ್ತದೆ, ಆ ಜಡ್ಡೇ ಪಾದದಡಿ ಸಿಕ್ಕ ಹರಳಿನಂತೆ ಒತ್ತುತ್ತಾ ಕೆಳಗಿನ ಮಾಂಸವನ್ನು ಜಜ್ಜುತ್ತದೆ, ಹೊರಗೆ ಗಟ್ಟಿಯಾಗಿ ಕಾಣುವ ಪದರದಡಿ ಹುಣ್ಣು ಆಗಲೇ ತಯಾರಾಗಿರುತ್ತದೆ. ಇದರ ಜೊತೆಗೆ ಮೀನಖಂಡದಿಂದ ಕೆಳಗಿನ ರಕ್ತನಾಳಗಳು ಕಟ್ಟಿಕೊಂಡಿದ್ದರೆ ಮಾಯಲು ಬೇಕಾದ ಆಮ್ಲಜನಕವೂ ಇಲ್ಲ, ನುಂಗಿದ ಔಷಧಿ ಅಲ್ಲಿಗೆ ತಲುಪುವುದೂ ಇಲ್ಲ.

ತಜ್ಞ ಚಿಕಿತ್ಸೆಯ ಮೊದಲ ಕೆಲಸ, ಆದ್ದರಿಂದ, ಯಾವ ಗಾಯ ಯಾವ ಕಾರಣಕ್ಕೆ ನಿಂತಿದೆ ಎಂದು ಬೇರ್ಪಡಿಸುವುದು. ಕಾಲಿನ ಎಲ್ಲ ಹಳೆಯ ಗಾಯಗಳೂ ಮಧುಮೇಹದವಲ್ಲ. ಕಣಕಾಲಿನ ಒಳಬದಿಯಲ್ಲಿ ಕಪ್ಪಿಟ್ಟ ಚರ್ಮದ ನಡುವೆ ತೇವವಾಗಿ ಹರಡಿದ ಹುಣ್ಣು ಬಹುಮಟ್ಟಿಗೆ ಉಬ್ಬಿದ ರಕ್ತನಾಳದ್ದು, ಅದಕ್ಕೆ ಬಿಗಿಯಾದ ಪಟ್ಟಿ ಕಟ್ಟುವುದೇ ಮುಖ್ಯ ಚಿಕಿತ್ಸೆ. ಅದೇ ಬಿಗಿ ಪಟ್ಟಿಯನ್ನು ಅಪಧಮನಿ ಕಟ್ಟಿಕೊಂಡ ಕಾಲಿಗೆ ಸುತ್ತಿದರೆ ಉಳಿದಿದ್ದ ರಕ್ತವೂ ನಿಂತು ಬೆರಳು ಕಪ್ಪಾಗಬಹುದು. ವರ್ಷಗಟ್ಟಲೆ ತೆರೆದೇ ಇರುವ ಗಾಯದ ಅಂಚು ಉಬ್ಬಿ ಗಟ್ಟಿಯಾಗಿದ್ದರೆ ಕ್ಯಾನ್ಸರ್ ಇದೆಯೇ ಎಂದು ತುಣುಕು ತೆಗೆದು ಪರೀಕ್ಷಿಸಬೇಕು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದ ನೋಡಲು ಮಧುಮೇಹದ ಪಾದದಂತೆಯೇ ಇರುತ್ತದೆ. ಗಾಯವೇ ಇಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಉಳುಕು, ಸೋಂಕು, ಯೂರಿಕ್ ಆಮ್ಲ ಎಂದು ಒಂದೊಂದು ಕಡೆ ಒಂದೊಂದು ಹೆಸರು ಸಿಗುತ್ತದೆ. ಅದು ಮೂಳೆಗಳು ಒಳಗೇ ಪುಡಿಯಾಗುತ್ತಿರುವ ಶಾರ್ಕೋ ಪಾದವಾಗಿದ್ದರೆ, ನಡೆದಾಡಿದ ಪ್ರತಿ ವಾರವೂ ಪಾದದ ಕಮಾನು ಕುಸಿಯುತ್ತಾ ಹೋಗುತ್ತದೆ.

ಈ ಬೇರ್ಪಡಿಸುವ ಕೆಲಸಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ರೋಗಿ ಕಣ್ಣು ಮುಚ್ಚಿದಾಗ ಅಂಗಾಲಿನ ಕೆಲವು ಜಾಗಗಳಿಗೆ ಒತ್ತಿ ‘ಗೊತ್ತಾಯಿತೇ’ ಎಂದು ಕೇಳುವುದು ಸ್ಪರ್ಶದ ಪರೀಕ್ಷೆ. ಮೊಂಡಾದ ಲೋಹದ ಕಡ್ಡಿಯನ್ನು ಶುದ್ಧಗೊಳಿಸಿ ಗಾಯದೊಳಗೆ ನಯವಾಗಿ ಇಳಿಸಿದಾಗ ಅದು ಕಲ್ಲಿಗೆ ತಾಗಿದಂತೆ ಗಟ್ಟಿಯಾಗಿ ತಡೆದರೆ, ಮೂಳೆಗೆ ಸೋಂಕು ತಗುಲಿರುವ ಅನುಮಾನ ಬಲವಾಗುತ್ತದೆ. ರಕ್ತಸಂಚಾರದ ವಿಷಯದಲ್ಲಿ ಮಾತ್ರ ಒಂದು ಮೋಸವಿದೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡಕ್ಕೆ ಹೋಲಿಸುವ ಸುಲಭ ಪರೀಕ್ಷೆ ಮಧುಮೇಹಿಗಳಲ್ಲಿ ಎಷ್ಟೋ ಸಲ ಸುಳ್ಳು ಭರವಸೆ ಕೊಡುತ್ತದೆ. ನಾಳದ ಗೋಡೆಯಲ್ಲಿ ಸುಣ್ಣ ಸೇರಿ ಗಡುಸಾಗಿರುವುದರಿಂದ ಪಟ್ಟಿಯ ಒತ್ತಡಕ್ಕೆ ಅದು ಮಣಿಯದೆ, ಅಂಕಿ ಸಹಜವಾಗಿಯೋ ಸಹಜಕ್ಕಿಂತ ಹೆಚ್ಚಾಗಿಯೋ ಕಾಣಿಸುತ್ತದೆ. ಅದಕ್ಕಾಗಿ ಹೆಬ್ಬೆರಳಿನ ಒತ್ತಡವನ್ನೇ ಅಳೆಯಬೇಕು. ಅದು 30 ಮಿ.ಮೀ.ಗಿಂತ ಕಡಿಮೆಯಿದ್ದರೆ ಡ್ರೆಸ್ಸಿಂಗ್ ಬದಲಿಸುತ್ತಾ ಕೂರುವಂತಿಲ್ಲ, ರಕ್ತನಾಳ ತಜ್ಞರು ತಡಮಾಡದೆ ನೋಡಬೇಕು.

ಸತ್ತ ಮಾಂಸವನ್ನೂ ಸುತ್ತಲಿನ ಜಡ್ಡನ್ನೂ ಹರಿತವಾದ ಬ್ಲೇಡಿನಿಂದ ತೆಗೆಯುವುದು ಎರಡನೆಯ ಹೆಜ್ಜೆ. ಸ್ಪರ್ಶವಿಲ್ಲದ ಪಾದದಲ್ಲಿ ಇದನ್ನು ಹೆಚ್ಚಾಗಿ ಅರಿವಳಿಕೆಯಿಲ್ಲದೆ, ಹೊರರೋಗಿ ಕೋಣೆಯ ಮಂಚದ ಮೇಲೆಯೇ ಮಾಡುತ್ತಾರೆ. ಜಡ್ಡಿನ ಅಂಚನ್ನು ಕೆತ್ತುತ್ತಾ ಹೋದಂತೆ ಕಡಲೆಕಾಳಿನಷ್ಟು ಕಾಣುತ್ತಿದ್ದ ರಂಧ್ರ ಒಂದು ರೂಪಾಯಿ ನಾಣ್ಯದಷ್ಟಾಗುತ್ತದೆ, ಬಿಳಿಚಿದ ತಳದಲ್ಲಿ ರಕ್ತ ಜಿನುಗಲು ತೊಡಗುತ್ತದೆ, ಜೊತೆಗೆ ಬಂದವರು ‘ಗಾಯ ದೊಡ್ಡದು ಮಾಡಿಬಿಟ್ಟಿರಲ್ಲ’ ಎಂದು ಗಾಬರಿಯಾಗುತ್ತಾರೆ. ದೊಡ್ಡದಾದದ್ದಲ್ಲ, ಇದ್ದದ್ದು ಕಂಡದ್ದು. ಉರಿಯೂತದ ಹಂತದಲ್ಲೇ ಸಿಕ್ಕಿಬಿದ್ದು, ಬ್ಯಾಕ್ಟೀರಿಯಾದ ಜಿಗುಟು ಪೊರೆ ಹೊದ್ದು ನಿಂತಿದ್ದ ಗಾಯವನ್ನು ಹೊಸ ಗಾಯವನ್ನಾಗಿ ಮಾಡುವುದೇ ಇಲ್ಲಿನ ಉದ್ದೇಶ, ಮತ್ತು ಇದು ಒಂದು ಬಾರಿಗೆ ಮುಗಿಯುವ ಕೆಲಸವಲ್ಲ. ರಕ್ತಸಂಚಾರ ತೀರಾ ಕಡಿಮೆಯಿರುವ ಕಾಲಿನಲ್ಲಿ ಒಣಗಿ ಕಪ್ಪಾದ ಭಾಗವನ್ನು ಹೀಗೆ ಕೆದಕಬಾರದು ಎಂಬ ಎಚ್ಚರವೂ ಅಷ್ಟೇ ಮುಖ್ಯ. ಬ್ಲೇಡು ಹಿಡಿಯಲು ಯಾರಾದರೂ ಕಲಿಯಬಹುದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಕೆಲವು ವರ್ಷ ಬೇಕು.

ಮೂರನೆಯದು ಭಾರ ಇಳಿಸುವುದು, ಮತ್ತು ಇಲ್ಲಿಯೇ ನಮ್ಮ ಚಿಕಿತ್ಸೆ ಹೆಚ್ಚಾಗಿ ಸೋಲುವುದು. ಅಂಗಾಲಿನ ಹುಣ್ಣಿನ ಮೇಲೆ ಎಂಥ ಮುಲಾಮು ಹಚ್ಚಿದರೂ, ದಿನಕ್ಕೆ ಸಾವಿರಾರು ಸಲ ಅದೇ ಹುಣ್ಣಿನ ಮೇಲೆ ದೇಹದ ಭಾರ ಬೀಳುತ್ತಿದ್ದರೆ ಅದು ಮಾಯಲಾರದು. ‘ಕಾಲು ಊರಬೇಡಿ’ ಎಂದು ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಗಾರೆ ಕೆಲಸದವರಿಗೆ, ಮಗ್ಗದ ಮುಂದೆ ದುಡಿಯುವವರಿಗೆ, ಮನೆಮಂದಿಗೆಲ್ಲ ಬೇಯಿಸಿ ಹಾಕುವ ಗೃಹಿಣಿಗೆ ಅದು ಪಾಲಿಸಲಾಗದ ಆಜ್ಞೆ. ನೋವಿಲ್ಲದ ಕಾಲನ್ನು ಊರದೆ ಇರುವುದು ಮನುಷ್ಯಸ್ವಭಾವಕ್ಕೂ ಒಗ್ಗುವುದಿಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೆಗೆದು ಹಾಕಬಹುದಾದ ವಿಶೇಷ ಬೂಟನ್ನು ಕೊಟ್ಟಿದ್ದ ರೋಗಿಗಳು ಅದನ್ನು ಧರಿಸಿ ಹಾಕಿದ ಹೆಜ್ಜೆಗಳು ದಿನದ ಒಟ್ಟು ಹೆಜ್ಜೆಗಳಲ್ಲಿ ಶೇ 28 ಮಾತ್ರ.

ಇದಕ್ಕೆ ಪರಿಹಾರ ಸಿಕ್ಕಿದ್ದು ನಮ್ಮ ನೆರೆಯಲ್ಲೇ. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಬ್ರಿಟಿಷ್ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಆರಂಭಿಸಿದರು. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂಬ ಆಗಿನ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಪ್ರತಿಯೊಂದು ಗಾಯದ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬಿಸಿ ಪಾತ್ರೆ, ಮೊಳೆ, ಕಲ್ಲು, ಕೊನೆಗೆ ರಾತ್ರಿ ಮಲಗಿದ್ದಾಗ ಬಂದು ಬೆರಳು ಕಡಿಯುತ್ತಿದ್ದ ಇಲಿ. ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕನ್ನೂ ಕಳುಹಿಸುತ್ತಿದ್ದರಂತೆ, ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ನೇರವಾದ ಔಷಧಿ ಚೀಟಿ ಇನ್ನೊಂದು ಇರಲಾರದು. ನೋವಿಲ್ಲದಿರುವುದೇ ರೋಗವೆಂದು ಕಂಡುಕೊಂಡ ಮೇಲೆ, ಅಂಗಾಲಿನ ಹುಣ್ಣಿಗೆ ಅವರು ಬಳಸಿದ್ದು ಪ್ಲಾಸ್ಟರ್ ಕಟ್ಟು. ಸಿಲೋನಿನಲ್ಲಿ ಅದಕ್ಕೂ ಮೊದಲೇ ಪ್ರಯೋಗವಾಗಿದ್ದ ಈ ವಿಧಾನವನ್ನು ಅವರು ವೆಲ್ಲೂರಿನಲ್ಲಿ ಪಳಗಿಸಿ, 1960ರ ದಶಕದಲ್ಲಿ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅಲ್ಲಿಗೆ ಕೊಂಡೊಯ್ದರು. ಅಲ್ಲಿಂದ ಅದು ಮಧುಮೇಹಿಗಳ ಪಾದಕ್ಕೆ ಬಂತು.

ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎಂದು ಕರೆಯುವ ಈ ಕಟ್ಟು ಮೂಳೆ ಮುರಿದಾಗ ಹಾಕುವಂಥದ್ದಲ್ಲ. ಬೆರಳ ಸಂದಿಗಳಿಗೆ ಹತ್ತಿ ಇಟ್ಟು, ಕಣಕಾಲಿನ ಗಂಟುಗಳಿಗೂ ಮುಂಗಾಲಿನ ಮೂಳೆಗೂ ಮೆತ್ತೆ ಅಂಟಿಸಿ, ಉಳಿದ ಕಡೆ ತೆಳುವಾದ ಪದರ ಮಾತ್ರ ಬಿಟ್ಟು, ಪಾದ ಮತ್ತು ಮೀನಖಂಡದ ಪ್ರತಿ ತಗ್ಗುದಿಣ್ಣೆಗೂ ತಾಗುವಂತೆ ಕೈಯಿಂದ ತೀಡುತ್ತಾ ಇದನ್ನು ಸುತ್ತಬೇಕು. ಆಗ ಒಂದು ಬಿಂದುವಿನ ಮೇಲೆ ಬೀಳುತ್ತಿದ್ದ ಭಾರ ಇಡೀ ಅಂಗಾಲಿಗೂ ಕೆಳಗಾಲಿಗೂ ಹಂಚಿಹೋಗುತ್ತದೆ, ರೋಗಿ ನಡೆಯುತ್ತಲೇ ಗಾಯ ಮಾಯುತ್ತದೆ. ಊತ ಇಳಿದು ಕಟ್ಟು ಸಡಿಲವಾಗಿ ಉಜ್ಜತೊಡಗುವುದರಿಂದ ಮೊದಲನೆಯದನ್ನು ಕೆಲವೇ ದಿನಗಳಲ್ಲಿ, ಆಮೇಲಿನವನ್ನು ವಾರ ಎರಡು ವಾರಕ್ಕೊಮ್ಮೆ ಬದಲಿಸಬೇಕು. 2001ರ ಒಂದು ಪ್ರಯೋಗದಲ್ಲಿ ಈ ಕಟ್ಟು ಹಾಕಿಸಿಕೊಂಡವರಲ್ಲಿ 12 ವಾರಗಳೊಳಗೆ ಸುಮಾರು ಶೇ 90 ಮಂದಿಯ ಹುಣ್ಣು ಮಾಯಿತು. ಕಳಚಬಹುದಾದ ಬೂಟು ಹಾಕಿದವರಲ್ಲಿ ಆ ಪ್ರಮಾಣ ಶೇ 65. ಕಳಚುವ ಬೂಟನ್ನೇ ಎರಡು ಸುತ್ತು ಪ್ಲಾಸ್ಟರ್ ಪಟ್ಟಿಯಿಂದ ಬಿಗಿದು ಕಳಚದಂತೆ ಮಾಡಿದರೂ ಹೆಚ್ಚೂಕಡಿಮೆ ಇದೇ ಫಲ ಬರುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿ, ಸೋಂಕೂ ತೀವ್ರ ರಕ್ತಕೊರತೆಯೂ ಇಲ್ಲದ ಅಂಗಾಲ ಹುಣ್ಣಿಗೆ ಕಳಚಲಾಗದ ಇಂಥ ಸಾಧನವನ್ನೇ ಮೊದಲ ಆಯ್ಕೆಯೆಂದು ಹೇಳುತ್ತದೆ. ಆದರೂ ಅಮೆರಿಕದ ಗಾಯ ಚಿಕಿತ್ಸಾ ಕೇಂದ್ರಗಳನ್ನು 2008ರಲ್ಲಿ ಸಮೀಕ್ಷೆ ಮಾಡಿದಾಗ, ಹೆಚ್ಚಿನ ರೋಗಿಗಳಿಗೆ ಇದನ್ನು ಬಳಸುತ್ತೇವೆಂದ ಕೇಂದ್ರಗಳು ಶೇ 2ಕ್ಕಿಂತ ಕಡಿಮೆಯಿದ್ದವು. ನಮ್ಮಲ್ಲಿ ನೆಲದ ಮೇಲೆ ಕುಳಿತು ಏಳುವುದು, ಭಾರತೀಯ ಶೌಚಾಲಯ, ಏಪ್ರಿಲ್‌ ತಿಂಗಳ ಸೆಕೆ, ಗದ್ದೆಯ ಕೆಸರು ಎಲ್ಲವೂ ಪ್ಲಾಸ್ಟರಿಗೆ ಅಡ್ಡಿಯೇ ಎನ್ನುವುದನ್ನು ಒಪ್ಪಬೇಕು. ಆದರೆ ನಿಜವಾದ ಅಡ್ಡಿ ಬೇರೆ ಇದೆ ಎಂದು ನನಗನ್ನಿಸುತ್ತದೆ: ಕಟ್ಟಲು ಮುಕ್ಕಾಲು ಗಂಟೆ ಬೇಕು, ಪಳಗಿದ ಕೈ ಬೇಕು, ಅದನ್ನು ಮಾರಿ ಲಾಭ ಮಾಡುವವರು ಯಾರೂ ಇಲ್ಲ.

ಲಾಭವಿರುವುದು ಗಾಯದ ಮೇಲೆ ಹಚ್ಚುವ ವಸ್ತುಗಳಲ್ಲಿ. ಬೆಳ್ಳಿ ಬೆರೆಸಿದ ಪಟ್ಟಿ, ಜೀವಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವ ‘ಬೆಳವಣಿಗೆ ಅಂಶ’ಗಳ ಜೆಲ್, ರೋಗಿಯ ರಕ್ತದಿಂದಲೇ ತೆಗೆದ ಪ್ಲೇಟ್‌ಲೆಟ್ ದ್ರವ, ಕೃತಕ ಚರ್ಮ, ಅಧಿಕ ಒತ್ತಡದ ಆಮ್ಲಜನಕದ ಕೋಣೆ ಎಂದು ಪಟ್ಟಿ ಬೆಳೆಯುತ್ತಲೇ ಇದೆ, ಇವನ್ನೇ ಮುಂದಿಟ್ಟುಕೊಂಡು ನಗರಗಳಲ್ಲಿ ವೂಂಡ್ ಕ್ಲಿನಿಕ್‌ಗಳು ತೆರೆಯುತ್ತಿವೆ. ಮೇಲೆ ಹೇಳಿದ ಕಾರ್ಯತಂಡದ 2023ರ ಮಾರ್ಗಸೂಚಿ ಈ ವಿಷಯದಲ್ಲಿ ನಿಷ್ಠುರವಾಗಿದೆ. ಹುಣ್ಣು ಮಾಯಿಸುವ ಉದ್ದೇಶಕ್ಕೆ ಬೆಳ್ಳಿಯನ್ನಾಗಲಿ, ಜೇನನ್ನಾಗಲಿ, ಬೆಳವಣಿಗೆ ಅಂಶಗಳನ್ನಾಗಲಿ ಬಳಸಬೇಡಿ ಎನ್ನುತ್ತದೆ. ಸುಕ್ರೋಸ್ ಆಕ್ಟಾಸಲ್ಫೇಟ್ ಲೇಪಿಸಿದ ಪಟ್ಟಿ, ಆಮ್ಲಜನಕ ಚಿಕಿತ್ಸೆಯಂಥ ಕೆಲವಕ್ಕೆ ಮಾತ್ರ, ಅದೂ ಉಳಿದ ಆರೈಕೆಯೆಲ್ಲ ಸರಿಯಾಗಿ ನಡೆದೂ ಗಾಯ ಕದಲದಿದ್ದಾಗ, ಷರತ್ತಿನ ಒಪ್ಪಿಗೆ ಕೊಡುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಆಳವಾದ ಗಾಯಕ್ಕೆ, ಅದರ ದ್ರವವನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಡ್ರೆಸ್ಸಿಂಗ್‌ನಿಂದ ಉಪಯೋಗವಿದೆ. ರೋಗಿಯ ಕಡೆಯವರು ಕ್ಲಿನಿಕ್ಕಿನಲ್ಲಿ ಕೇಳಬಹುದಾದ ಒಂದು ಪ್ರಶ್ನೆ ಇದ್ದರೆ ಅದು ಅಳತೆಯದು: ನಾಲ್ಕು ವಾರಗಳಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕಾದರೂ ಇಳಿದಿದೆಯೇ? ಇಳಿಯದಿದ್ದರೆ ಅದೇ ಚಿಕಿತ್ಸೆಯಲ್ಲಿ 12 ವಾರಕ್ಕೆ ಮಾಯುವ ಸಂಭವ ಕಡಿಮೆ, ರಕ್ತ, ಭಾರ, ಮೂಳೆಯ ಸೋಂಕು ಈ ಮೂರನ್ನು ಮತ್ತೆ ಮೊದಲಿನಿಂದ ಹುಡುಕಬೇಕು.

ಆ್ಯಂಟಿಬಯಾಟಿಕ್‌ಗಳ ಬಳಕೆಯಲ್ಲೂ ಇಂಥದ್ದೇ ಅದಲುಬದಲು ನಡೆದಿದೆ. ಸೋಂಕಿನ ಲಕ್ಷಣಗಳಿಲ್ಲದ ಹುಣ್ಣಿಗೆ ಆ್ಯಂಟಿಬಯಾಟಿಕ್ ಬೇಕಿಲ್ಲ. ನಮ್ಮಲ್ಲಿ ಹುಣ್ಣು ಕಂಡ ಕೂಡಲೇ ಮಾತ್ರೆ ಶುರುವಾಗುತ್ತದೆ. ಮೇಲ್ಮೈಯಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ ದಾರಿ ತಪ್ಪಿಸುತ್ತದೆ, ಆಳದ ಮಾಂಸದ ತುಣುಕು ಬೇಕು. ಪಾಶ್ಚಾತ್ಯ ದೇಶಗಳಲ್ಲಿ ಸ್ಟ್ಯಾಫಿಲೊಕಾಕಸ್ ಮುಖ್ಯವಾದರೆ ಭಾರತದ ಗಾಯಗಳಲ್ಲಿ ಸ್ಯೂಡೊಮೊನಾಸ್, ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳು ಹೆಚ್ಚು, ಆದ್ದರಿಂದ ಅಲ್ಲಿನ ಔಷಧಿ ಪಟ್ಟಿ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಇನ್ನೊಂದು ಕಡೆ, ಪಾದದೊಳಗೆ ಕೀವು ತುಂಬಿದಾಗ ಗಂಟೆಗಳ ಲೆಕ್ಕದಲ್ಲಿ ಕೊಯ್ದು ಹರಿಯಬಿಡಬೇಕು, ಆದರೆ ಜ್ವರ ಬಂದಿಲ್ಲವೆಂಬ ಕಾರಣಕ್ಕೆ ದಿನಗಳು ಕಳೆಯುತ್ತವೆ. ಮಧುಮೇಹಿಯಲ್ಲಿ ಗಂಭೀರ ಸೋಂಕಿದ್ದೂ ಜ್ವರ ಬಾರದಿರಬಹುದು.

ಇಷ್ಟೆಲ್ಲ ಕೆಲಸವನ್ನು ಒಬ್ಬರೇ ಮಾಡಲಾಗುವುದಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ 1981ರಲ್ಲಿ ಮೈಕೇಲ್ ಎಡ್ಮಂಡ್ಸ್ ಅವರು ಪಾದ ಆರೈಕೆಯವರು, ಪಾದರಕ್ಷೆ ತಯಾರಕರು, ದಾದಿ, ವೈದ್ಯ, ಶಸ್ತ್ರವೈದ್ಯ ಎಲ್ಲರೂ ಒಂದೇ ಸೂರಿನಡಿ ಕೂರುವ ಕ್ಲಿನಿಕ್ ತೆರೆದಾಗ, ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಲು ಕತ್ತರಿಸುವ ಪ್ರಮಾಣ ಅರ್ಧಕ್ಕಿಳಿಯಿತು. ಇಂದು ಇಂಗ್ಲೆಂಡಿನ ಮಾರ್ಗಸೂಚಿ ಪ್ರಕಾರ ಮಧುಮೇಹಿಯ ಪಾದದಲ್ಲಿ ಹೊಸ ಹುಣ್ಣು ಕಂಡರೆ ಒಂದು ಕೆಲಸದ ದಿನದೊಳಗೆ ಪಾದ ತಂಡಕ್ಕೆ ಕಳುಹಿಸಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಪಾದಗಳ ಚಿಕಿತ್ಸೆಗೆಂದೇ ಪೋಡಿಯಾಟ್ರಿ ವಿಭಾಗವಿದೆ, ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕುಲರ್ ಸೈನ್ಸಸ್‌ನಂಥ ಕಡೆ ಮೊಣಕಾಲ ಕೆಳಗಿನ ಸಣ್ಣ ನಾಳಗಳನ್ನೂ ಬಲೂನಿನಿಂದ ತೆರೆಯುವ ಪರಿಣತಿಯಿದೆ. ಆದರೆ ರಕ್ತನಾಳ ತಜ್ಞರು ಹೆಚ್ಚಾಗಿ ನೆಲೆಸಿರುವುದು ದೊಡ್ಡ ನಗರಗಳಲ್ಲಿ. ಯಾದಗಿರಿಯ ಕಡೆಯ ಹಳ್ಳಿಯಿಂದ ವಾರಕ್ಕೊಮ್ಮೆ ಬರಬೇಕಾದ ರೋಗಿ, ಊರಬಾರದೆಂದು ಹೇಳಿದ ಅದೇ ಕಾಲನ್ನು ಊರಿ ಬಸ್ಸು ಹತ್ತಬೇಕು.

ಹಣದ ವಿಷಯ ಇದಕ್ಕಿಂತ ವಿಚಿತ್ರ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುತ್ತದೆ, ಅದು ದೊಡ್ಡ ಆಸರೆಯೇ ಸರಿ. ಆದರೆ ಅದರ ಚೌಕಟ್ಟು ಆಸ್ಪತ್ರೆಯಲ್ಲಿ ದಾಖಲಾಗುವ ಚಿಕಿತ್ಸೆಯದು. ಕೇಂದ್ರ ಯೋಜನೆಯ ನಿಯಮದಂತೆ ದಾಖಲಾತಿಗೆ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಅದರಲ್ಲಿ ಸೇರುತ್ತದೆ. ಚೆನ್ನಾಗಿ ಆರೈಕೆ ಮಾಡಿದ ಹುಣ್ಣು ಮಾಯಲೂ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಮೂಳೆಗೆ ಸೋಂಕು ತಗುಲಿ, ಆ ಮೂಳೆಯನ್ನು ತೆಗೆಯದೆ ಬರೀ ಔಷಧಿಯಿಂದ ಗುಣಪಡಿಸುವುದಾದರೆ ಆ್ಯಂಟಿಬಯಾಟಿಕ್ ಒಂದೇ ಆರು ವಾರ ನಡೆಯಬೇಕು. ಹದಿನಾರನೆಯ ದಿನದಿಂದ ಪ್ಲಾಸ್ಟರ್ ಬದಲಿಸುವ, ಜಡ್ಡು ಕೆತ್ತುವ, ಅಳತೆ ತೆಗೆಯುವ ಖರ್ಚು ಯಾರದು? ಹೊರರೋಗಿಯಾಗಿ ನಡೆಯುವ ಈ ಅಗ್ಗದ ಕೆಲಸಗಳಿಗೆ ಹಣ ಸಿಗುವ ದಾರಿಯಿಲ್ಲದಿದ್ದಾಗ, ಅವು ನಡೆಯದೆ ಹೋದದ್ದರ ಫಲವಾದ ದೊಡ್ಡ ಶಸ್ತ್ರಚಿಕಿತ್ಸೆಗೆ ಮಾತ್ರ ಹಣ ಸಿಗುತ್ತದೆ. ದಿನಗೂಲಿ ಮಾಡುವ ರೋಗಿಯೂ ಇದೇ ಲೆಕ್ಕ ಹಾಕುತ್ತಾನೆ: ಮೂರು ತಿಂಗಳು ಕೂಲಿ ಬಿಟ್ಟು ಬೆರಳು ಉಳಿಸಿಕೊಳ್ಳುವುದಕ್ಕಿಂತ ಬೆರಳು ತೆಗೆಸಿ ಬೇಗ ಕೆಲಸಕ್ಕೆ ಹೋಗುವುದು ಮೇಲೆಂದು. ಬೆರಳು ಹೋದ ಪಾದದಲ್ಲಿ ಭಾರ ಪಕ್ಕದ ಬೆರಳಿನ ಬುಡಕ್ಕೆ ಸರಿಯುತ್ತದೆ, ಮುಂದಿನ ಹುಣ್ಣು ಅಲ್ಲೇ ಏಳುತ್ತದೆ.

ಹಾಗಾಗಿ ಬದಲಾವಣೆ ಬೇಕಿರುವುದು ಒಂದೊಂದು ಚಿಕಿತ್ಸೆಗೆ ಯೋಜನೆ ನಿಗದಿಪಡಿಸುವ ದರದ, ಅಂದರೆ ಪ್ಯಾಕೇಜಿನ, ರಚನೆಯಲ್ಲಿ. ಒಂದು ಹುಣ್ಣಿಗೆ, ಅದು ಕಂಡ ದಿನದಿಂದ ಮಾಯುವವರೆಗಿನ 12 ವಾರಗಳಿಗೆ, ಹೊರರೋಗಿ ಭೇಟಿಗಳು, ಕಟ್ಟು ಮತ್ತು ಮಾಯ್ದ ಮೇಲಿನ ಪಾದರಕ್ಷೆ ಸೇರಿಸಿ ಒಂದೇ ದರ ನಿಗದಿ ಮಾಡಿದರೆ, ಆಸ್ಪತ್ರೆಗಳಿಗೆ ಕಾಲು ಉಳಿಸುವುದೇ ಲಾಭವಾಗುತ್ತದೆ. ಪಾದರಕ್ಷೆಯನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಮಾಯ್ದ ಹುಣ್ಣು ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 40 ಮಂದಿಗೆ, ಐದು ವರ್ಷಗಳೊಳಗೆ ಸುಮಾರು 65 ಮಂದಿಗೆ ಮತ್ತೆ ಬರುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗಾಗಿ ರೂಪುಗೊಂಡ ಎಂಸಿಆರ್ (ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೆತ್ತನೆಯ) ರಬ್ಬರಿನ ಚಪ್ಪಲಿ, ಹಿಮ್ಮಡಿಗೆ ಪಟ್ಟಿಯಿದ್ದು ಬೆರಳ ಸಂದಿಗೆ ಹಿಡಿಯದ ವಿನ್ಯಾಸದಲ್ಲಿ, ಈಗಲೂ ಕಡಿಮೆ ಬೆಲೆಗೆ ತಯಾರಾಗುತ್ತದೆ. ಮನೆಯೊಳಗೂ ಚಪ್ಪಲಿ ಹಾಕಿ ಎಂದು ಹೇಳುವುದು ನಮ್ಮ ಮನೆಗಳಲ್ಲಿ ಸುಲಭದ ಮಾತಲ್ಲ, ಹೊಸ ಜೋಡಿಯೊಂದನ್ನು ಮನೆಯೊಳಗಿನ ಬಳಕೆಗೆಂದೇ ಬೇರೆ ಇಟ್ಟುಕೊಳ್ಳುವಂತೆ ಕೊಟ್ಟಾಗ ಹಿರಿಯರೂ ಒಪ್ಪುತ್ತಾರೆ.

ಈ ಕೆಲಸ ಮಾಡುವವರನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಭಾರತದಲ್ಲೇ ಒಂದು ಉತ್ತರವಿದೆ. ನಾಗಪುರದ ಡಾ. ಶರದ್ ಪೆಂಡ್ಸೆ ಮತ್ತು ತಾಂಜಾನಿಯಾದ ಡಾ. ಜುಲ್ಫಿಕರ್ ಅಲಿ ಅಬ್ಬಾಸ್ ಮುಂತಾದವರು 2004ರಲ್ಲಿ ಆರಂಭಿಸಿದ ‘ಸ್ಟೆಪ್ ಬೈ ಸ್ಟೆಪ್’ ಯೋಜನೆಯಲ್ಲಿ ಒಬ್ಬ ವೈದ್ಯ ಮತ್ತು ಒಬ್ಬ ದಾದಿಯನ್ನು ಜೋಡಿಯಾಗಿ ಕರೆಸಿ ಮೂಲ ತರಬೇತಿ ಕೊಟ್ಟು, ಊರಿಗೆ ಕಳುಹಿಸಿ ಕೆಲಸ ಮಾಡಿಸಿ, ಮತ್ತೆ ಕರೆಸಿ ಮುಂದಿನ ಹಂತ ಕಲಿಸುತ್ತಿದ್ದರು. ಬ್ಲೇಡು, ನೈಲಾನ್ ಎಳೆ, ಉಪಕರಣಗಳ ಪೆಟ್ಟಿಗೆಯನ್ನೂ ಜೊತೆಗೆ ಕೊಡುತ್ತಿದ್ದರು. ತಾಲ್ಲೂಕು ಆಸ್ಪತ್ರೆಗೊಂದು ಇಂಥ ಜೋಡಿ ಇದ್ದರೆ, 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಸಕ್ಕರೆ ಮತ್ತು ಬಿಪಿ ನೋಡುವ ಸಿಬ್ಬಂದಿಗೆ, ಕಾಲುಚೀಲ ಬಿಚ್ಚಿಸಿ ನೋಡಿದ ಪಾದವನ್ನು ಮರುದಿನವೇ ಕಳುಹಿಸಲು ಒಂದು ವಿಳಾಸವಿರುತ್ತದೆ.